ಕೆಂಪು ದೀಪ ಮಿಣುಕುತ್ತಿತ್ತು, ದನಿ ಬಂದಿರಲಿಲ್ಲ

ಇವತ್ತು ನಮ್ಮ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು! ನನ್ನ ಮಗಳು ಶಾಂತಾಳ ಚೊಚ್ಚಲ ಕೂಸು. ಮೂಗು ನಮ್ಮ ಮನೆಯದು, ಹಟ ಯಾರದೆಂದು ಇನ್ನೂ ತಿಳಿಯದು. ಬೆಳಗಿನಿಂದ ನನಗೆ ಕುಂತಲ್ಲಿ ಕೂಡಲಾಗುತ್ತಿಲ್ಲ. ಒಳಗೆ ಹೋಗಿ ಕೂಸನ್ನು ನೋಡುವುದು, ಹೊರಗೆ ಬಂದು ದಾರಿಹೋಕರ ಕೈಗೆ ಸಕ್ಕರೆ ಹಾಕುವುದು, ಮತ್ತೆ ಒಳಗೆ. "ನೀವು ಹಿಂಗ ಓಡ್ಯಾಡೂದು ನೋಡಿ ನನಗ ತಲಿ ತಿರಗಾಕತ್ತೈತಿ, ಒಂದ್ಕಡಿ ಕೂಡ್ರಿ," ಎಂದು ಹೆಂಡತಿ ಗದರಿ ಒಂದು ನೋಟ್‌ಬುಕ್ ಕೈಗಿಟ್ಟು ಪಡಸಾಲೆಗೆ ಕಳಿಸಿದಳು. ಕೂತಿದ್ದೇನೆ. ಈ ಬೀಗತನ ಕೂಡಿಬಂದದ್ದು ನನ್ನ ಕಸುಬಿನಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪಿನಿಂದ. ಅದನ್ನೇ ಬರೆಯುತ್ತೇನೆ.

ಯಾದಗಿರಿ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತು. ಹುಣಸಗಿಯಲ್ಲಿ ನನ್ನದು ಮೈಕ್‌ಸೆಟ್ ಅಂಗಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ಆಂಪ್ಲಿಫೈಯರ್ ಬಿಚ್ಚಿ ಜೋಡಿಸಬಲ್ಲೆ. ಕಾಲುವೆ ನೀರು ಬಂದು ಜೋಳದ ಹೊಲಗಳಲ್ಲಿ ಭತ್ತ ಕಂಡ ಮೇಲೆ ಮದುವೆಗಳು ದೊಡ್ಡವಾದವು, ನನ್ನ ಹಾರ್ನ್‌ಗಳು ಎರಡಿದ್ದದ್ದು ಎಂಟಾದವು. ಅಂಗಡಿಯ ಪಾಲುದಾರ ಖಾಜಾಸಾಬ್ ಢೋಲಕ್ ಬಾರಿಸುವವನು. ಇಬ್ಬರೂ ಸೇರಿ ಆ ವರ್ಷ ಒಂದು ಡಿಜಿಟಲ್ ರೆಕಾರ್ಡರ್ ಕೊಂಡೆವು. ಅಂಗೈಯಷ್ಟು ಮಷೀನು. ತಲೆಯ ಮೇಲೆ ಹೋರಿಯ ಕೊಂಬಿನಂತೆ ಎರಡು ಮೈಕು, ಹೊಟ್ಟೆಯೊಳಗೆ ಉಗುರಿನಷ್ಟು ಮೆಮೊರಿ ಕಾರ್ಡು. ಹಾಡೆಲ್ಲ ಆ ಕಾರ್ಡಿನಲ್ಲಿ ಕೂಡುತ್ತದೆ.

ಮಾಲೀಕರು ಇಬ್ಬರು, ಅಭಿಪ್ರಾಯವೂ ಎರಡು. ಖಾಜಾಸಾಬನಿಗೆ ಮೊದಲ ದಿನವೇ ಅದು ಹಿಡಿಸಲಿಲ್ಲ. "ಕ್ಯಾಸೆಟ್ ತಿರಗೂದು ಕಣ್ಣಿಗಿ ಕಾಣತಿತ್ತು ಮಲ್ಲಣ್ಣ. ಇದರ ಒಳಗ ಏನ್ ನಡದೈತಿ ಅಂತ ಯಾರ ಹೇಳಬೇಕು? ಬಾಯಿ ಬಿಡದ ಮಂದಿನ್ನ ನಾ ನಂಬಂಗಿಲ್ಲ, ಮಷೀನ್ ಹೆಂಗ ನಂಬಲಿ?" ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ ಹೀಗೆ: ದನಿ ಬಹಳ ಚೊಕ್ಕ, ದೂರದ ಪಂಪ್‌ಸೆಟ್ಟಿನ ಸದ್ದೂ ಬಂದು ಕೂಡುತ್ತದೆ. ಗಾಳಿಗೆ ಮಾತ್ರ ಬಹಳ ಅಂಜುಬುರುಕ, ಮೈಕಿಗೆ ಕಂಬಳಿ ಚೂರು ಸುತ್ತಲೇಬೇಕು. ಸೆಲ್ ತಿನ್ನುವುದರಲ್ಲಿ ಭಾರಿ ಹೊಟ್ಟೆಬಾಕ. ಅಕ್ಷರಗಳು ಇರುವೆಯಷ್ಟು, ಅದೂ ಇಂಗ್ಲಿಷಿನಲ್ಲಿ. ಆದರೆ ನಾನು ಹೇಳುವ ಸಂಗತಿ ನಡೆದಾಗ ಮಷೀನು ಮನೆಗೆ ಬಂದು ಇನ್ನೂ ನಾಲ್ಕೇ ದಿನ. ಅದರ ಜೊತೆ ಬಂದ ಇಯರ್‌ಫೋನನ್ನು ಹೊಸತಾಗಿಯೇ ಉಳಿಯಲೆಂದು ಪ್ಲಾಸ್ಟಿಕ್ ಕೂಡ ಹರಿಯದೆ ಇಟ್ಟಿದ್ದೆ.

ಮೊದಲ ಕೆಲಸ ಹುಡುಕಿಕೊಂಡು ಬಂತು. ಶಹಾಪುರದ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ ಗೋಗಿಯ ಬಸವರಾಜ ತನ್ನ ಅಜ್ಜಿ ನಾಗಮ್ಮನ ಹಾಡು ಹಿಡಿದಿಡಬೇಕೆಂದು ಕೇಳಿದ. ನಾಗಮ್ಮನ ಬೀಸುಕಲ್ಲಿನ ಪದಗಳು ಸುತ್ತಿನ ಊರಿಗೆಲ್ಲ ಗೊತ್ತು. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಆಕೆ ಅವೇ ಪದಗಳನ್ನು ಭತ್ತ ನಾಟಿ ಮಾಡುವ ಗದ್ದೆಗೆ ಒಯ್ದಿದ್ದಳು. ಕಲ್ಲು ತಿರುಗುವ ಧಾಟಿಗೆ ಹೆಂಗಸರ ಕೈ ಕೆಸರಿನಲ್ಲಿ ಆಡುತ್ತಿತ್ತು. ಈಗ ಆಕೆಯ ಗಂಟಲಿನಲ್ಲಿ ಗಂಟು.

"ಆಯಿ ಬದಕ್ತಾಳ ಅಂತ ಸೊಲ್ಲಾಪುರದ ಡಾಕ್ಟರು ಹೇಳ್ಯಾರ್ರಿ. ಆಪರೇಶನ್ ಆದ ಮ್ಯಾಲ ದನಿ ಉಳೀತೈತಿ ಅಂತ ಮಾತ್ರ ಯಾರೂ ಹೇಳವಲ್ರು," ಎಂದ ಬಸವರಾಜ. "ಹೋಗೂದ್ರಾಗ ಅಕಿ ದನಿ ಹಿಡದ ಕೊಡ್ರಿ."

ಅವರು ಹೊರಡುವ ದಿನ ಮೊದಲ ಬಸ್ಸಿಗೆ ನಾನೂ ಖಾಜಾಸಾಬನೂ ಸುರಪುರ, ಶಹಾಪುರ ದಾಟಿ ಗೋಗಿ ಮುಟ್ಟಿದೆವು. ಒಳಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಕಿಟಕಿ ಹಾಕಿ, ಮಷೀನನ್ನು ಮಡಚಿದ ಕೌದಿಯ ಮೇಲಿಟ್ಟು ಕೆಂಪು ಬಟನ್ ಒತ್ತಿದೆ. ದೀಪ ಮಿಣುಕತೊಡಗಿತು. ಆಕೆ ದನಿ ಎತ್ತಿದಂತೆ ಪರದೆಯ ಮೇಲೆ ಗೆರೆಗಳು ಕುಣಿದವು. ಕೆಂಪು ದೀಪ ಹತ್ತಿ ಮೀಟರಿನ ಮುಳ್ಳು ಕುಣಿದರೆ ಕೆಲಸ ನಡೆದಿದೆ ಎಂದೇ ಜೀವಮಾನವೆಲ್ಲ ನಂಬಿದವನು ನಾನು. ನಾಗಮ್ಮ ಬಿಸಿನೀರು ಗುಟುಕರಿಸುತ್ತ ಎರಡು ತಾಸು ಹಾಡಿದಳು. ಕೊನೆಗೆ ದನಿ ಒಡೆದು ಕೆಮ್ಮು ಬಂತು. ಕೈಮುಗಿದು ಹೊರಟೆವು.

ಶಹಾಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಿರ್ಚಿ ಬರುವುದರೊಳಗೆ ಖಾಜಾಸಾಬ್ ಕೇಳೋಣವೆಂದ. ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಪಕ್ಕದ ಮೇಜಿನ ಕಾಲೇಜು ಹುಡುಗಿಗೆ ಮಷೀನನ್ನೂ ಡಬ್ಬಿಯಲ್ಲಿದ್ದ ಕಾಗದವನ್ನೂ ಕೊಟ್ಟು ಓದಲು ಹೇಳಿದೆ.

"ಇದರಾಗ ಏನೂ ಇಲ್ರಿ ಕಾಕಾ. ಆ ಬಟನ್ ಎರಡ ಸಲ ಒತ್ತಬೇಕಂತ. ಮೊದಲನೇದು ಬರೇ ತಯಾರಿ, ಎರಡನೇದಕ್ಕ ರೆಕಾರ್ಡ್."

ಖಾಜಾಸಾಬ್ ಮೆಲ್ಲಗೆ ಅಂದ: "ಕಾರ್ಡ್ ಕೆಟ್ಟೈತಿ ಅಂತ ಹೇಳೂಣು. ಯಾರಿಗಿ ತಿಳೀತೈತಿ?"

"ಕಾರ್ಡಿಗಿ ಬಾಯಿ ಇಲ್ಲಂತ ಅದರ ಮ್ಯಾಲ ಹಾಕ್ಲೇನು? ಏಳು."

ಮಿರ್ಚಿ ಮೇಜಿನ ಮೇಲೆಯೇ ಉಳಿಯಿತು. ಸವಾರಿ ಆಟೊ ಹಿಡಿದು ಗೋಗಿಗೆ ವಾಪಸು ಹೋದರೆ ಬಾಗಿಲಿಗೆ ಕೀಲಿ. ಸಂಜೆಯ ರೈಲಿಗೆಂದು ಆಗಲೇ ಯಾದಗಿರಿಗೆ ಹೊರಟರೆಂದು ನೆರೆಮನೆಯವರು ಹೇಳಿದರು. ಮತ್ತೆ ಶಹಾಪುರ, ಅಲ್ಲಿಂದ ಯಾದಗಿರಿ ಬಸ್ಸು. ಸೀಟಿದ್ದರೂ ನಾನು ಕೂಡಲಿಲ್ಲ. ಬಸ್ಸು ನಿಂತಲ್ಲೆಲ್ಲ ನನ್ನ ಜೀವ ಇಳಿದು ಮುಂದೆ ಮುಂದೆ ಓಡುತ್ತಿತ್ತು. ಭೀಮಾ ಸೇತುವೆಯ ಮೇಲೆ ಕುರಿಹಿಂಡು ಅಡ್ಡ ಬಂದಾಗ ಕುರುಬನಿಗಿಂತ ಜೋರಾಗಿ ನಾನೇ ಕೂಗಿದೆ.

ಸ್ಟೇಷನ್ ಮುಟ್ಟಿದಾಗ ರೈಲಿಗೆ ಮುಕ್ಕಾಲು ತಾಸಿತ್ತು. ಹೆಂಗಸರ ವೇಟಿಂಗ್ ರೂಮಿನ ಮುಂದಿನ ಬೆಂಚಿನಲ್ಲಿ ಇಬ್ಬರೂ ಕೂತಿದ್ದರು. ನಿಂತ ಕಾಲಲ್ಲೇ ಹೇಳಿಬಿಟ್ಟೆ: "ತಪ್ಪು ನಂದು. ಬಟನ್ ಒತ್ತಾಕ ಬರಲಿಲ್ಲ. ಒಂದ ಹಾಡೂ ಬಂದಿಲ್ಲ."

ಬಸವರಾಜ ಎದ್ದು ನಿಂತ. "ಅಕಿ ಗಂಟಲದಾಗ ಉಳಿದಿದ್ದ ದನಿ ಎಲ್ಲಾ ನೀವ ಮುಗಿಸಿ ಬಂದ್ರಲ್ರಿ! ಇನ್ನ ಏನ್ ಹಾಡ್ತಾಳ?"

ನಾಗಮ್ಮ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎರಡ ತಾಸ ಗ್ವಾಡಿ ಮುಂದ ಹಾಡಿದ್ನೇನೋ ಯಪ್ಪಾ? ಕೊಡು ಇಲ್ಲಿ ಅದನ್ನ. ಮುಂಜಾನಿ ಇಬ್ರು ಗಂಡಸರು ಮಾರಿ ಮುಂದ ಕುಂತಿದ್ರಿ, ಬೀಸೂ ಪದ ಮನಸ ಬಿಚ್ಚಿ ಬರಲೇ ಇಲ್ಲ. ಒಳಗ ಹೆಣ್ಣಮಕ್ಕಳ ಅದಾರ, ಅಲ್ಲಿ ಹಾಡ್ತೀನಿ."

ಆ ಕೋಣೆಗೆ ಗಂಡಸರು ಹೋಗುವಂತಿಲ್ಲ. ಅಕ್ಷರ ಬಾರದ ಮುದುಕಿಯ ಕೈಗೇ ಮಷೀನು ಕೊಡಬೇಕಾಯಿತು. "ಒಮ್ಮೆ ಒತ್ತಿದ್ರ ದೀಪ ಮಿಣಕತೈತಿ. ಮತ್ತೊಮ್ಮೆ ಒತ್ತಿದ್ರ ಗಟ್ಟಿ ನಿಲ್ಲತೈತಿ, ಕೆಳಗ ಅಂಕಿ ಓಡತಾವ. ಅವು ಓಡಿದ ಮ್ಯಾಲೇ ಹಾಡ್ರಿ."

"ಒಲಿ ಹಚ್ಚಿದಂಗ ಅನ್ನು. ಮೊದಲ ಕಿಡಿ, ಆಮ್ಯಾಲ ಉರಿ," ಎಂದು ಒಳಗೆ ಹೋದಳು.

ನಾನು ಬಾಗಿಲಿಗೆ ಕಿವಿಗೊಟ್ಟು ನಿಂತೆ. ಆಮೇಲೆ ಸಣ್ಣಗೆ ಆಕೆಯ ದನಿ. ಅದರ ಹಿಂದೆ ಇನ್ನೊಂದು, ಮತ್ತೊಂದು. ಯಾವ ಯಾವ ಊರಿನ ಹೆಂಗಸರೋ ಪಲ್ಲವಿ ಎತ್ತಿಕೊಳ್ಳುತ್ತಿದ್ದರು. ಒಂದು ಗೂಡ್ಸ್ ಗಾಡಿ ಗಡಗಡ ಹಾದುಹೋಯಿತು. ಅಂಕಿ ಓಡುತ್ತಿವೆಯೋ ಇಲ್ಲವೋ? ನಾನು ಬಾಗಿಲಿನಿಂದ ನಲ್ಲಿಗೆ, ನಲ್ಲಿಯಿಂದ ಬಾಗಿಲಿಗೆ.

"ನೀ ಹಿಂಗ ತಿರಗೂದು ನೋಡಿದ್ರ ಕ್ಯಾಸೆಟ್ ನೋಡಿದಂಗ ಆತು. ಕುಂದ್ರು," ಎಂದ ಖಾಜಾಸಾಬ್. ಬಸವರಾಜ ನಗಲಿಲ್ಲ.

ರೈಲು ಬಂದೇ ಬಂತು. ನಾಗಮ್ಮ ಬೆವರುತ್ತ ಹೊರಬಂದು ಮಷೀನು ನನ್ನ ಕೈಗೆ ಹಾಕಿದಳು. ಅಂಕಿಗಳು ಇನ್ನೂ ಓಡುತ್ತಿದ್ದವು. ನಿಲ್ಲಿಸುವುದನ್ನು ಹೇಳಿಕೊಡಲು ನಾನು ಮರೆತಿದ್ದೆ. ನಿಲ್ಲಿಸಿದೆ. ಅವರು ಹತ್ತುವುದರೊಳಗೆ ಇಯರ್‌ಫೋನಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದು ಕಿವಿಗೆ ತುರುಕಿದೆ. ಮೊದಲು ಸೀರೆಯ ಸರಸರ. ಆಮೇಲೆ, "ಉರಿ ಹತ್ತೈತಿ, ಬರ್ರೆವಾ ಹಾಡೂಣು." ಅದರ ಬೆನ್ನಿಗೇ ಆ ಒಡೆದ, ದೊಡ್ಡ ದನಿ.

ರೈಲು ಜರುಗುತ್ತಿತ್ತು. ಕಿಟಕಿಯ ಜೊತೆಗೇ ಓಡಿದೆ. "ಬಂದೈತಿ! ನಾಗಮ್ಮಾರ, ಬಂದೈತಿ!" ಆಕೆ ಕೈ ಎತ್ತಿದಳು. ಬಸವರಾಜ ಇಯರ್‌ಫೋನಿಗೆಂದು ಕೈಚಾಚಿದ; ಎಟುಕಲಿಲ್ಲ.

ಮೂರು ಹಾಡುಗಳು ಉಳಿದವು. ಆಪರೇಶನ್ ಆದ ಮೇಲೆ ನಾಗಮ್ಮನಿಗೆ ಪಿಸುಮಾತಷ್ಟೇ ಉಳಿಯಿತು. ಹಾಡುಗಳನ್ನು ಸಿ.ಡಿ. ಮಾಡಿ ಗೋಗಿಗೆ ಒಯ್ದೆ, ಹೋಗಿಬರುವುದು ಬೆಳೆಯಿತು. ಕೆಲವು ವರ್ಷದ ಮೇಲೆ ಆಕೆಯೇ ಬಂದು ಬಸವರಾಜನಿಗೆ ನಮ್ಮ ಶಾಂತಾಳನ್ನು ಕೇಳಿದಳು. "ಆವತ್ತ ಸುಳ್ಳ ಹೇಳಿದ್ರ ನಿನ್ನ ಹೊಸ್ತಿಲಾ ತುಳೀತಿದ್ದಿಲ್ಲ," ಎಂದು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದಳು.

ಡಿಜಿಟಲ್ ರೆಕಾರ್ಡರ್ ಕೊಳ್ಳಬಹುದೇ ಎಂದು ಹುಡುಗರು ಈಗಲೂ ಕೇಳುತ್ತಾರೆ. ಕೊಳ್ಳಿರಿ. ಆದರೆ ಹಾಡಿದವರು ಎದ್ದುಹೋಗುವ ಮೊದಲು ನಿಮ್ಮ ಕಿವಿಯಿಂದ ಒಮ್ಮೆ ಕೇಳಿರಿ. ದೀಪ ನೋಡಿ ನಂಬಬೇಡಿರಿ. ತಪ್ಪಿದ್ದು ತಿಳಿದರೆ ನೆಪ ಹುಡುಕುತ್ತ ಕೂಡದೆ ಮೊದಲ ಬಸ್ಸು ಹತ್ತಿರಿ. ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟೇ.

ಇಷ್ಟು ಬರೆಯುವುದರೊಳಗೆ ಊಟಕ್ಕೆ ಕರೆದರು. ಉಂಡು ಬಂದು ಉಳಿದದ್ದನ್ನು ಬರೆಯುತ್ತಿದ್ದೇನೆ. ಬೀಗರು, ನಾವು, ಖಾಜಾಸಾಬನ ಮನೆಯವರು, ಎಲ್ಲರೂ ಒಂದೇ ಸಾಲಿಗೆ ಕೂತಿದ್ದೆವು. ರೊಟ್ಟಿ, ಪುಂಡಿಪಲ್ಯ, ಗೋಧಿಹುಗ್ಗಿ. ಗದ್ದಲವೋ ಗದ್ದಲ. ನಡುವೆ ನಾಗಮ್ಮ ಬೆರಳಿನಿಂದ ತಾಟಿನ ಅಂಚಿಗೆ ಎರಡು ಸಲ ಬಡಿದಳು. ಅಷ್ಟೂ ಮಂದಿ ಒಮ್ಮೆಲೇ ಸುಮ್ಮನಾದರು. ನನ್ನ ಹೆಂಡತಿ ರೊಟ್ಟಿ ಮುರಿಯುವುದನ್ನೂ ನಿಲ್ಲಿಸಿದಳು. ಏನು ಹೇಳುತ್ತಾಳೋ ಎಂದು ಎಲ್ಲರೂ ಬಾಗಿದೆವು.

"ತುಪ್ಪ," ಎಂದಳು ನಾಗಮ್ಮ.

ನಾಲ್ಕು ಕೈಗಳು ಒಟ್ಟಿಗೆ ಗಿಂಡಿಯ ಕಡೆ ಹೋದವು.