ಐದನೆಯ ಭಾಗ ಅವನಿಗೆ ಹಿಡಿಸಿರಲಿಲ್ಲ

ಕಳೆದ ಭಾನುವಾರ ಬೇಕರಿಯ ಹಿಂದಿನ ಉಗ್ರಾಣದಲ್ಲಿ ಹಿಟ್ಟಿನ ಮೂಟೆಗಳನ್ನು ಬದಿಗೆ ಸರಿಸಿ, ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ನನ್ನ ಸ್ನೇಹಿತನ ನೆನಪಿಗೆಂದು ಒಂದು ಸಿನಿಮಾ ತೋರಿಸಿದರು. ನಡುವೆ ಹೊರಗೆಲ್ಲೋ ಟ್ರೇಗಳು ಬಿದ್ದು ದೊಡ್ಡ ಸದ್ದಾಯಿತು. ಬೆಕ್ಕಿರಬೇಕು ಎಂದು ಯಾರೋ ಅಂದರು. ಮುಗಿದ ಮೇಲೆ ಜನ ಕಣ್ಣೊರೆಸಿಕೊಂಡು, "ಪಾಪ, ಈ ಪಿಕ್ಚರು ಅಂದ್ರೆ ಅವನಿಗೆ ಪ್ರಾಣವಂತೆ" ಎನ್ನುತ್ತಾ ಮನೆಗೆ ಹೋದರು.

ಆ ಮಾತಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರಾಣವಲ್ಲ. ಆ ಸಿನಿಮಾದ ಹೆಸರೆತ್ತಿದರೆ ಅವನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತಿತ್ತು.

ಬೇಕರಿಯಲ್ಲಿ ಅವನನ್ನು ಸೆನ್ಸಾರ್ ಎಂದು ಕರೆಯುತ್ತಿದ್ದರು. ಹಿಟ್ಟು ನಾದುವುದು, ಭಟ್ಟಿ ನೋಡಿಕೊಳ್ಳುವುದು ಅವನ ಕೆಲಸ. ಮೊಣಕೈವರೆಗೂ ಸುಟ್ಟ ಗೆರೆಗಳು. ಭಟ್ಟಿಯಿಂದ ಬಂದ ಪ್ರತಿ ಟ್ರೇಯಿಂದ ಒಂದು ಬನ್ನೆತ್ತಿ, ಮುರಿದು, ಮೂಗಿಗೆ ಹಿಡಿದು ನೋಡಿ, ಆಮೇಲೆಯೇ ಮುಂದಕ್ಕೆ ಬಿಡುತ್ತಿದ್ದ. ಹೆಸರು ಬಂದದ್ದು ಅದರಿಂದ. ಬೇಕರಿಯ ಎದುರಿಗೇ ನನ್ನ ಹಳೇ ಪುಸ್ತಕದಂಗಡಿ ಇರುವುದರಿಂದ ಅವನೂ ಯಜಮಾನರೂ ಜಗಳವಾಡುವುದು ನನಗೆ ಕೂತಲ್ಲಿಗೇ ಕೇಳುತ್ತಿತ್ತು.

"ಸ್ವಲ್ಪ ತಳ ಹಿಡಿದಿದೆ ಅಷ್ಟೇ ಕಣೋ. ನಮ್ಮ ಗಿರಾಕಿಗಳೇ ತಾನೇ, ತಗೊಂಡು ಹೋಗ್ತಾರೆ ಬಿಡು."

"ನಮ್ಮ ಗಿರಾಕಿಗಳು ಅಂತಲೇ ಬೇಡ ಅಂತಿರೋದು ಯಜಮಾನ್ರೇ. ನಿನ್ನೆ ಚೆನ್ನಾಗಿತ್ತು ಅಂತ ನಂಬಿಕೊಂಡು ಬರ್ತಾರೆ. ನಂಬಿದವರಿಗೆ ಕರಕಲು ಕೊಡ್ತೀರಾ?"

ಕರಕಲು ಟ್ರೇ ಹಿಂದಕ್ಕೆ ಹೋಗುತ್ತಿತ್ತು. ಯಜಮಾನರು ಗೊಣಗುತ್ತಿದ್ದರು, ಆದರೆ ಅವನನ್ನು ಕೆಲಸದಿಂದ ಬಿಡಿಸುವ ಮಾತಾಡಲಿಲ್ಲ. ಹದ ಗೊತ್ತಿದ್ದ ಕೈ ಅದು.

ಸಿನಿಮಾವನ್ನೂ ಅವನು ಹೀಗೇ ಮುರಿದು ಮೂಸಿ ನೋಡುತ್ತಿದ್ದ. ಎಲ್ಲ ಸಿನಿಮಾ ಅಲ್ಲ, ಒಂದೇ ಒಂದು ಸರಣಿ. ಸೂರ್ಯ ಆರಿಹೋದ ಮೇಲೆ ಅಳಿದುಳಿದ ಮನುಷ್ಯರನ್ನು ತುಂಬಿಕೊಂಡು ಆಕಾಶಕ್ಕೆ ಹೊರಟ ಹಡಗಿನ ಕತೆ. ಮೊದಲನೆಯ ಭಾಗವನ್ನು ನಾವಿಬ್ಬರೂ ಮೀಸೆ ಚಿಗುರುವ ವಯಸ್ಸಿನಲ್ಲಿ, ಅರ್ಧ ಖಾಲಿಯಿದ್ದ ಥಿಯೇಟರಿನಲ್ಲಿ ನೋಡಿದ್ದೆವು. ಹಡಗಿನಲ್ಲಿ ನೀರಿಗೆ ಬರ. ನೀರು ಹಂಚುವ ಹೆಂಗಸೊಬ್ಬಳು ತನ್ನ ಪಾಲಿನ ಲೋಟವನ್ನು ದಿನಾ ಸಸಿಗಳಿಗೆ ಎರೆದು, ಯಾರಿಗೂ ಹೇಳದೆ, ಕೊನೆಗೆ ಒಣಗಿದ ತುಟಿಯಲ್ಲೇ ಸಾಯುತ್ತಾಳೆ. ಅಷ್ಟೇ ಕತೆ. ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಅವನು ಲೋಟದಲ್ಲಿದ್ದ ನೀರನ್ನು ನೋಡುತ್ತಲೇ ಇದ್ದ. ಆಮೇಲೆ ಕುಡಿದ. ಅಂದಿನಿಂದ ಅವನು ಲೋಟದಲ್ಲಿ ನೀರು ಉಳಿಸಿದ್ದನ್ನು ನಾನು ಕಂಡಿಲ್ಲ.

ಎರಡನೆಯದು ಅವನ ಪ್ರಕಾರ ಸರಿಯಾಗಿ ಉಬ್ಬಿರಲಿಲ್ಲ, ಬರೀ ಮಾತು. ಆದರೂ ಹಿಟ್ಟು ಒಳ್ಳೆಯದೇ ಎಂದು ಕ್ಷಮಿಸಿದ್ದ. ಮೂರನೆಯದು ಎಲ್ಲಕ್ಕಿಂತ ಮೇಲು. ಆ ಸಸಿಗಳು ಮರವಾಗಿ, ಅವುಗಳ ಕೆಳಗೆ ಹುಟ್ಟಿದ ಮಕ್ಕಳು ಆ ಹೆಂಗಸಿನ ಹೆಸರನ್ನೇ ಕೇಳಿರುವುದಿಲ್ಲ. ಅದನ್ನು ನೋಡಿ ಬಂದವನು ಒಂದು ವಾರ ಯಾರ ಜೊತೆಗೂ ಜಗಳವಾಡಲಿಲ್ಲ. ಯಜಮಾನರು ಹೆದರಿ ಹುಷಾರಾಗಿದ್ದೀಯೇನೋ ಎಂದು ಕೇಳಿದ್ದರು. ನಾಲ್ಕನೆಯದರಲ್ಲಿ ಬಂದೂಕು ಬಂದವು. ಹೊರಗೆ ಕಪ್ಪು, ಒಳಗೆ ಹಸಿ ಅಂದ.

ಐದನೆಯದರಲ್ಲಿ ಅದೇ ಹಡಗಿನೊಳಗೆ ಈಜುಕೊಳ ಬಂತು.

ಮಾರನೆಯ ದಿನ ಕೌಂಟರಿನ ಹುಡುಗಿ ಪಾಪ ಖುಷಿಯಲ್ಲೇ ಕೇಳಿದಳು: "ಅಣ್ಣ, ಆ ನೀರಾಟದ ಸೀನು ಸೂಪರ್ ಅಲ್ವಾ?"

"ಸೂಪರ್ರಾ? ಬಾ ಇಲ್ಲಿ. ಮೊದಲನೇದ್ರಲ್ಲಿ ಒಂದು ಲೋಟ ನೀರಿಗೆ ಒಬ್ಬಳು ಪ್ರಾಣ ಬಿಟ್ಟಳು. ಅದೇ ಹಡಗು. ಅದೇ ಟ್ಯಾಂಕು. ಈಗ ಹೀರೋ ಹೀರೋಯಿನ್ನು ಪಟಪಟ ಅಂತ ಎರಚಾಡ್ತಾರೆ! ಆ ನೀರು ಎಲ್ಲಿಂದ ಬಂತಮ್ಮ, ಇವರ ಮಾವನ ಮನೆಯಿಂದಾ?"

"ಅಯ್ಯೋ, ಸಿನಿಮಾ ತಾನೇ ಅಣ್ಣ."

"ಬನ್ನು ತಾನೇ ಅಂತ ನಾಳೆ ನಿಂಗೆ ಮಣ್ಣು ಬೇಯಿಸಿ ಕೊಡ್ಲಾ?"

ರಸ್ತೆ ದಾಟಿ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಉಳಿದದ್ದನ್ನು ಕಾರಿದ. ನಾನು ಕೇಳಿದೆ, ಇಷ್ಟು ಬೈಯುವವನು ಯಾಕೆ ನೋಡುತ್ತೀಯ, ಬಿಟ್ಟುಬಿಡು.

"ಪಕ್ಕದ ಮನೆಯವನು ಕೆಟ್ಟರೆ ನಂಗೇನೋ? ನಮ್ಮ ಮನೆಯವನು ಕೆಟ್ಟರೆ ಬೈಯಲೇಬೇಕು. ಮಾಡೋಕೆ ಬರದವರು ಕೆಡಿಸಿದ್ರೆ ಹೋಗ್ಲಿ ಅನ್ನಬಹುದು. ಇವರಿಗೆ ಬರುತ್ತೆ ಕಣೋ! ಮೂರನೇದು ಮಾಡಿದ ಕೈಯೇ ಇದು. ಇವರಾದ್ರೂ ಅವಳನ್ನ ನೆನಪಿಟ್ಕೋಬೇಕಿತ್ತು. ಹಾಗಾದ್ರೆ ಅವಳು ಸತ್ತಿದ್ದು ಯಾಕೆ?"

ನಾನು ಓದಿರುವ ಎಷ್ಟೋ ವಿಮರ್ಶೆಗಳಲ್ಲಿ ಈ ಪ್ರಶ್ನೆಯಷ್ಟು ನೇರವಾದದ್ದು ಸಿಕ್ಕಿಲ್ಲ.

ಇಂಥವನು, ಒಂದು ಬನ್ನಿನ ತಳ ಕಪ್ಪಾದರೆ ಸಹಿಸದವನು, ಒಂದು ದಿನ ತನ್ನ ಎದೆ ಹಿಂಡುತ್ತಿದ್ದುದನ್ನು ಬೆಳಗಿನಿಂದ "ಗ್ಯಾಸು, ಗ್ಯಾಸು" ಎಂದು ಸೋಡಾ ಕುಡಿದು ತಳ್ಳಿದ. ಊಟದ ಹೊತ್ತಿಗೆ ನಾದುವ ಮೇಜಿಗೆ ಒರಗಿದವನು ಏಳಲಿಲ್ಲ. ಕೈಗೆ ಹಿಟ್ಟು ಅಂಟಿಕೊಂಡೇ ಇತ್ತು. ನನಗೆ ಇನ್ನೂ ಅಳು ಬಂದಿಲ್ಲ, ಸಿಟ್ಟೇ ಬರುತ್ತಿದೆ. ಆಸ್ಪತ್ರೆ ಎರಡು ಬೀದಿ ಆಚೆ ಇತ್ತಲ್ಲೋ, ದಡ್ಡ.

ಅವನು ಹೋದ ಕೆಲವು ದಿನಕ್ಕೆ ಯಜಮಾನರು ನನ್ನ ಅಂಗಡಿಗೆ ಬಂದು, ಅವನ ನೆನಪಿಗೆ ಆ ಹಡಗಿನ ಪಿಕ್ಚರು ತೋರಿಸೋಣ ಅಂದುಕೊಂಡಿದ್ದೇವೆ ಎಂದರು. ಮೂರನೇದು ತಾನೇ ಎಂದೆ.

"ಅಲ್ಲ, ಐದನೇದು. ಅವರಮ್ಮನೇ ಹೇಳಿದ್ರು. ಅವನಿಗೆ ಅದೇ ಇಷ್ಟ ಅಂತೆ, ಮನೇಲಿ ಎಷ್ಟು ಸಲ ನೋಡ್ತಿದ್ದನಂತೆ."

ಸತ್ತ ಮನುಷ್ಯ ಎದ್ದು ಬಂದು ಇಲ್ಲ ಎನ್ನಲಾರ. ಜೀವಮಾನವಿಡೀ ಯಾವುದನ್ನು ಬೈದನೋ ಅದನ್ನೇ ಅವನ ಹೆಸರಿಗೆ ಅಂಟಿಸಿ ಕಳಿಸಿಬಿಟ್ಟರೆ, ಅವನನ್ನು ಇನ್ನೊಂದು ಸಲ ಕಳೆದುಕೊಂಡ ಹಾಗೆ. ಇದನ್ನು ತಪ್ಪಿಸಲೇಬೇಕೆಂದು ಶನಿವಾರ ಸಂಜೆ ಅಂಗಡಿ ಬೇಗ ಮುಚ್ಚಿ ಅವನ ಮನೆಗೆ ಹೋದೆ.

ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಅಮ್ಮನಿಗೆ ಮಂಡಿ ಹಿಡಿದು ಮೆಟ್ಟಿಲು ಇಳಿಯುವುದು ನಿಂತು ವರ್ಷಗಳಾಗಿವೆ. ಮಂಚದ ಎದುರಿಗೆ ಟೀವಿ, ಮಂಚದ ಪಕ್ಕದಲ್ಲಿ ಅವನು ಕೂರುತ್ತಿದ್ದ ಬೆತ್ತದ ಕುರ್ಚಿ. ಯಜಮಾನರು ಕಳಿಸಿದ್ದ ಪೆನ್‌ಡ್ರೈವನ್ನು ಸರಿ ಇದೆಯೋ ನೋಡಲೆಂದು ಟೀವಿಗೆ ಹಾಕಿಸಿಕೊಂಡು ಅದನ್ನೇ ನೋಡುತ್ತಿದ್ದರು. ಐದನೆಯ ಭಾಗ.

"ಬಂದ್ಯಾ? ಕೂತ್ಕೊ."

ಕೂರಲಿಲ್ಲ. ನಿಂತೇ ಹೇಳಿದೆ. "ಅಮ್ಮ, ಬೇಜಾರು ಮಾಡ್ಕೋಬೇಡಿ. ನಾಳೆ ಇದು ಬೇಡ. ಅವನಿಗೆ ಇದು ಇಷ್ಟ ಇರಲಿಲ್ಲ. ಇದನ್ನ ಕಂಡರೆ ಆಗ್ತಿರಲಿಲ್ಲ ಅವನಿಗೆ."

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನಂಗೇನು ಕಿವಿ ಕೇಳಿಸಲ್ವಾ? ಪಕ್ಕದಲ್ಲಿ ಕೂತು ಹಲ್ಲು ಕಡೀತಿದ್ದ. ಕುರ್ಚಿಯೆಲ್ಲ ಕಿರ್‌ ಕಿರ್‌ ಅನ್ನೋದು."

"ಗೊತ್ತಿದ್ದೂ ಯಜಮಾನರಿಗೆ ಹಾಗೆ ಯಾಕೆ ಹೇಳಿದ್ರಿ?"

ಈಗ ತಿರುಗಿದರು. ನನಗಿಂತ ಹೆಚ್ಚು ಸಿಟ್ಟು ಆ ಕಣ್ಣಲ್ಲಿತ್ತು.

"ಒಳ್ಳೆಒಳ್ಳೇದನ್ನೆಲ್ಲ ನಿನ್ನ ಜೊತೆ ಥಿಯೇಟರಲ್ಲಿ ನೋಡಿದ. ಬಂದು ಇಲ್ಲಿ ಒಂದು ಮಾತು ಹೇಳಿದ್ನಾ? ಊಟ ಮಾಡಿ ಮಲಗ್ತಿದ್ದ. ಟೀವಿಯವರು ಹಾಕೋದು ಇದೊಂದೇ, ಹಬ್ಬಕ್ಕೊಂದು ಸಲ, ರಜಕ್ಕೊಂದು ಸಲ. 'ಪುಟ್ಟಾ, ನಂಗಿದು ಇಷ್ಟ, ಕೂತ್ಕೊಳ್ಳೋ' ಅಂದ್ರೆ ಕೂತ್ಕೋತಿದ್ದ. ಬೈಯೋ ಹಾಗಿಲ್ಲ, ಏಳೋ ಹಾಗಿಲ್ಲ. ಒಂದು ಮಧ್ಯಾಹ್ನ ಪೂರ್ತಿ ನನ್ನ ಪಕ್ಕ. ನಿನ್ನ ಮೂರನೇದನ್ನ ಹಾಕಿದ್ರೆ ಅದರಲ್ಲಿ ನನ್ನ ಮಗ ಎಲ್ಲಿದಾನೆ ಅಂತ ಹುಡುಕಲಿ ನಾನು?"

"ನಿಮಗಾದರೂ ಇಷ್ಟವಾ ಇದು?"

"ಥೂ! ತಲೆಯಿಲ್ಲ ಬಾಲವಿಲ್ಲ."

ಬೆತ್ತದ ಕುರ್ಚಿಯಲ್ಲಿ ಕೂತೆ. ಪರದೆಯ ಮೇಲೆ ಈಜುಕೊಳದ ಬಾಗಿಲು ತೆರೆಯಿತು, ಆ ಇಬ್ಬರು ನಗುತ್ತಾ ನೀರಿಗೆ ಹಾರಿದರು. ಅಮ್ಮ ಟೀವಿ ಬಿಟ್ಟು ಅಡುಗೆಮನೆಯ ಕಡೆ ನೋಡತೊಡಗಿದರು.

"ಇಲ್ಲಿಗೆ ಬಂದ್ರೆ ಮಾತ್ರ ತಡಕೊಳ್ಳೋಕೆ ಆಗ್ತಿರಲಿಲ್ಲ ಅವನಿಗೆ. ನೀರು ಕುಡಿದು ಬರ್ತೀನಿ ಅಂತ ಎದ್ದು ಹೋಗಿ ಪಾತ್ರೆ ಮುಚ್ಚಳ ಎತ್ತಿ ಬಡೀತಿದ್ದ. ಏನೋ ಅದು ಅಂದ್ರೆ, ಏನಿಲ್ಲಮ್ಮ, ಕೈ ಜಾರ್ತು ಅನ್ನೋನು. ಒಂದು ಸಲವೂ ಚೆನ್ನಾಗಿಲ್ಲ ಅನ್ನಲಿಲ್ಲ ನೋಡು."

ಟೀವಿಯಲ್ಲಿ ನೀರು ಚಿಮ್ಮುತ್ತಲೇ ಇತ್ತು. ಅಡುಗೆಮನೆಯಿಂದ ಏನೂ ಕೇಳಿಸಲಿಲ್ಲ.

ನಾನು ಎದ್ದು ಹೋದೆ. ಒಲೆಯ ಪಕ್ಕದ ದೊಡ್ಡ ಪಾತ್ರೆಯ ಮುಚ್ಚಳ ತೆಗೆದು ಕಟ್ಟೆಯ ಮೇಲೆ ಬಡಿದೆ. ಆ ಈಜುಕೊಳಕ್ಕೆ, ಗ್ಯಾಸಿಗೆ, ಸೋಡಾಕ್ಕೆ, ಎಲ್ಲಕ್ಕೂ ಸೇರಿಸಿ ಬಡಿದೆ.

ಒಳಗಿನಿಂದ ಅಮ್ಮನ ದನಿ: "ಅವನು ಇನ್ನೂ ಜೋರಾಗಿ ಬಡೀತಿದ್ದ."

ಮತ್ತೆ ಬಡಿದೆ.

ಭಾನುವಾರ ಅವರನ್ನು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹಿಡಿದು ಮೆಟ್ಟಿಲಿಳಿಸಿ ಉಗ್ರಾಣಕ್ಕೆ ತಂದರು. ಹಾಕಿದ್ದು ಐದನೆಯದನ್ನೇ. ಅದು ಈಗಲೂ ಕೆಟ್ಟ ಸಿನಿಮಾ. ನೋಡಿ ಅತ್ತವರಿಗೆ ಅದು ತಿಳಿದಿರಲಿ. ಈಜುಕೊಳ ಬಂದಾಗ ಎಲ್ಲರೂ ನಕ್ಕರು, ಯಾರೋ ಸಿಳ್ಳೆ ಕೂಡ ಹಾಕಿದರು. ಹೊರಗೆ ಬಿದ್ದದ್ದು ಬೆಕ್ಕಿನಿಂದಲ್ಲ. ಭಟ್ಟಿಯ ಪಕ್ಕ ಪೇರಿಸಿಟ್ಟಿದ್ದ ಖಾಲಿ ಟ್ರೇಗಳನ್ನು ಅಷ್ಟೂ ಎತ್ತಿ ನೆಲಕ್ಕೆ ಹಾಕಿದವನು ನಾನು.

ಮುಂದಿನ ಸಾಲಿನಿಂದ ಅಮ್ಮ ಕೂಗಿದರು, "ಏನೋ ಅದು?"

"ಏನಿಲ್ಲಮ್ಮ," ಎಂದೆ, "ಕೈ ಜಾರ್ತು."