ಬಡಗಿಯ ಮಡಚುವ ಮಂಚ

ನಮ್ಮ ಪಕ್ಕದ ಕೋಣೆಯ ಬಡಗಿಯ ಕೈಗೆ ಒಂದು ಬೆಂಕಿಪೊಟ್ಟಣ ಕೊಟ್ಟು ನೋಡಿ. ಅದರೊಳಗೆ ಆನೆಯನ್ನು ಮಲಗಿಸಿ, ಮಾವುತನ ಬಟ್ಟೆಗೂ ಒಂದು ಕಪಾಟು ಮಾಡಿಕೊಡುತ್ತಾನೆ. ಒಂದೇ ಕೋಣೆಯ ಮನೆಗಳನ್ನು ಒಪ್ಪವಾಗಿ ಜೋಡಿಸಿಕೊಡುವುದೇ ಅವನ ಕಸುಬು. ಅವನ ಕೋಣೆಯ ಮಂಚವೂ ಹಗಲಲ್ಲಿ ಗೋಡೆಗೆ ಮಡಚಿಕೊಂಡು ನಿಲ್ಲುತ್ತದೆ. ಮುದುರಿ ಮಲಗುವ ಮನುಷ್ಯ, ತನ್ನ ಅಳತೆಗೇ ಅದನ್ನು ಮಾಡಿಕೊಂಡಿದ್ದ.

ಮೊನ್ನೆ ಮಂಡಿಗೆ ಆಪರೇಷನ್ ಆದ ತಾಯಿಯನ್ನು ಊರಿನಿಂದ ಕರೆತಂದ. ಅವರು ಕಾಲು ಮಡಿಸುವಂತಿಲ್ಲ. ಮಂಚಕ್ಕೆ ಹಲಗೆ ಸೇರಿಸಿ ಉದ್ದ ಮಾಡಿದರೆ ಅದು ಬಾಗಿಲಿಗೆ ಅಡ್ಡ ಬಂತು. ತಿರುಗಿಸಿ ಹಾಕಿದರೆ ಒಲೆಗೆ ತಾಗಿತು. ಕೊನೆಗೆ ಅಮ್ಮನ ಪಾದಗಳು ಹೊಸ್ತಿಲಾಚೆ, ಮಗ ಅಳತೆಪಟ್ಟಿ ಹಿಡಿದು ಓಣಿಯಲ್ಲಿ. ಹೋಗಿಬರುವವರೆಲ್ಲ ಆ ಪಾದಗಳನ್ನು ದಾಟಿಕೊಂಡೇ ಹೋಗಬೇಕು.

"ನನ್ನನ್ನ ವಾಪಸ್ ಬಿಟ್ಟುಬಾರೋ," ಎಂದರು ತಾಯಿ ಒಳಗಿನಿಂದ.

"ಎಲ್ಲಿಗಮ್ಮ? ಅಲ್ಲಿ ನೋಡ್ಕೊಳ್ಳೋಕೆ ಯಾರಿದ್ದಾರೆ?"

ಅವನ ಮುಖ ನೋಡಲಾರದೆ ನಾನು ನಗಿಸಲು ಹೋದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ನೆ ಹೇಳಿದ್ರೇನಪ್ಪ?"

ಅವನು ಅಳತೆಪಟ್ಟಿ ಸುತ್ತಿಟ್ಟ. "ಹಾಗೆ ಹೇಳಿದೋರು ಯಾರೂ ಅವರಮ್ಮನಿಗೆ ಮಂಚ ಮಾಡಿರಲ್ಲ ಬಿಡಣ್ಣ."