ನಡುವೆ ಯಾರೂ ಬೇಡ ಎಂದವರು

ನಮ್ಮ ಅತ್ತೆಯವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಚಿಕ್ಕವರಿದ್ದಾಗ ಹುಲ್ಲು ಕೊಯ್ಯುವ ಕುಡುಗೋಲು ತಾಗಿ ನರ ಕತ್ತರಿಸಿತ್ತಂತೆ. ರೊಟ್ಟಿ ಬಡಿಯುವಾಗ ಉಳಿದ ಬೆರಳುಗಳೆಲ್ಲ ಹಿಟ್ಟಿನ ಮೇಲೆ ಕುಣಿಯುತ್ತಿದ್ದರೆ ಅದೊಂದು ಮಾತ್ರ ನೆಟ್ಟಗೆ ನಿಂತು ಯಾರನ್ನೋ ಗದರಿಸುತ್ತಿರುವಂತೆ ಕಾಣುತ್ತಿತ್ತು. ಮದುವೆಯಾಗಿ ಸದಲಗಾಕ್ಕೆ ಬಂದ ಹೊಸದರಲ್ಲಿ ಅವರು "ನೀರ ತಾ" ಎಂದು ಕೈ ಮಾಡಿದರೂ ನನಗೆ ಎದೆ ಝಲ್ಲೆನ್ನುತ್ತಿತ್ತು. ಸಿಟ್ಟು ಬೆರಳಿಗಷ್ಟೇ, ಅವರಿಗಲ್ಲ ಎಂದು ತಿಳಿಯಲು ಕೆಲವು ತಿಂಗಳು ಬೇಕಾದವು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ಕಲಿಸಿದ ಹಾಗೆ ಮೆಲ್ಲಗೆ ಮಾತಾಡುವುದು, ಮೆಲ್ಲಗೆ ಬಾಗಿಲು ಹಾಕುವುದು ರೂಢಿಯಾಗಿತ್ತು. ಅದಕ್ಕೇ ಅತ್ತೆಯವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. "ಏ ಕಾನ್ವೆಂಟ್ ಬಾಯಿ, ನೀ ಮಾತಾಡಿದ್ದು ನಿನಗರೆ ಕೇಳಸ್ತೈತೇನ?" ಎನ್ನುತ್ತಿದ್ದರು.

ದೊಡ್ಡ ಮನೆ. ಅತ್ತೆ, ಮಾವ, ಮೂವರು ಗಂಡುಮಕ್ಕಳು, ನಾವು ಮೂವರು ಸೊಸೆಯಂದಿರು, ಜೊತೆಗೆ ಮಾವನವರ ಅಕ್ಕ. ಅವರನ್ನು ಎಲ್ಲರೂ 'ಆಯಿ' ಎನ್ನುತ್ತಿದ್ದೆವು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಹಿರಿಯರ ಮುಂದೆ ಗಂಡ ಹೆಂಡತಿ ಒಬ್ಬರ ಮಗ್ಗುಲಿಗೆ ಒಬ್ಬರು ಕೂರಬಾರದು. ಈ ಎರಡನೆಯದನ್ನು ನನಗೆ ಯಾರೂ ಹೇಳಿರಲಿಲ್ಲ, ನೋಡಿ ಕಲಿತದ್ದು. ಬಸದಿಗೆ ಹೋಗುವಾಗ ಯಜಮಾನರು ಮುಂದೆ, ನಾನು ಹಿಂದೆ. ಅವರಿಗೇನಾದರೂ ಹೇಳಬೇಕಾದರೆ ಭಾವನವರ ಮಗಳಿಗೆ ಹೇಳುತ್ತಿದ್ದೆ, ಅವರಿಗೆ ಕೇಳಿಸುತ್ತಿತ್ತು.

ಆ ಮನೆಗೆ ಕ್ಯಾಮೆರಾ ಬಂದದ್ದು ನನ್ನ ಅಣ್ಣನಿಂದ. ಪುಣೆಯಲ್ಲಿ ಕೆಲಸಕ್ಕಿದ್ದ ಅವನು ಪಂಚಮಿಗೆ ನನ್ನನ್ನು ಕರೆಯಲು ಬಂದಾಗ ತಂದಿದ್ದ. ಕರಿಯ ಬಣ್ಣದ, ದೊಡ್ಡ ಸೋಪಿನ ಡಬ್ಬಿಯಂಥದು. ದುಬಾರಿಯದೇನೂ ಅಲ್ಲ. ತಿರುಗಿಸುವುದು, ಅಳೆಯುವುದು ಏನೂ ಇಲ್ಲ, ಕಣ್ಣಿಗೆ ಹಿಡಿದು ಗುಂಡಿ ಒತ್ತಿದರೆ ಕುಂಯ್ ಎಂದು ತಾನೇ ಹೊಂದಿಸಿಕೊಳ್ಳುತ್ತಿತ್ತು. ಯಜಮಾನರು ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

"ಕಪಾಟದಾಗ ಇಟ್ರ ಅದೇನ ಮರಿ ಹಾಕತೈತೇನ? ತಾ ಇಲ್ಲೆ," ಎಂದರು ಅತ್ತೆ.

ಮೊದಲ ಫೋಟೋ ನಮ್ಮ ಎಮ್ಮೆಯದು. ಮಡಚದ ಬೆರಳಿನಿಂದ ಗುಂಡಿ ಒತ್ತಲು ಬರುವುದಿಲ್ಲವಲ್ಲ, ಅವರು ಹೆಬ್ಬೆರಳಿನಿಂದ ಒತ್ತಿದರು. ಅಂದಿನಿಂದ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಅವರೇ ಫೋಟೋಗ್ರಾಫರ್. ಸ್ಟುಡಿಯೋದ ಗಂಡಸಿನ ಮುಂದೆ ನಿಲ್ಲಲು ಒಲ್ಲದವರು, ಮದುವೆಯಾದ ಮೇಲೆ ಒಂದೂ ಫೋಟೋ ಕಾಣದವರು ಮಧ್ಯಾಹ್ನ ಕೆಲಸ ಮುಗಿಸಿ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅತ್ತೆ ಅವರ ಸೆರಗು ಸರಿಪಡಿಸಿ, ಗಲ್ಲದ ಮೇಲಿನ ಹಿಟ್ಟು ಒರೆಸಿ, "ನಗಬೇಕಂತ ನಗಬ್ಯಾಡ. ನಿನ್ನ ನಾದನಿ ಹಬ್ಬ ಮುಗಿಸಿ ವಾಪಸ್ ಹೋಗಾಕತ್ತಾಳ ಅಂತ ತಿಳಕೋ," ಎನ್ನುವರು. ಅಷ್ಟಕ್ಕೇ ಆಕೆ ನಕ್ಕುಬಿಡುವಳು. ಒಬ್ಬರಿಗೆ ಒಂದೇ ಫೋಟೋ. ಇನ್ನೊಂದು ತೆಗೆಯಿರಿ ಎಂದರೆ, ಮುಖಕ್ಕೆ ಬೆರಳು ಮಾಡಿ, "ದೇವರು ನಿನಗ ಎಷ್ಟ ಮಾರಿ ಕೊಟ್ಟಾನ?"

ಈ ಒಂಟಿ ಫೋಟೋಗಳೆಲ್ಲ ಕಣ್ಣ ರೆಪ್ಪೆ ಎಣಿಸುವಷ್ಟು ಚೊಕ್ಕ ಬರುತ್ತಿದ್ದವು. ಆದರೆ ಗಂಡ ಹೆಂಡತಿಯರ ಫೋಟೋ ಮಾತ್ರ ಮಂಜು. ಮುಖಗಳು ಕಲಸಿದ ಹಿಟ್ಟಿನಂತೆ. ಹಿಂದಿನ ದನದ ಮನೆಯ ಗೋಡೆಯಾದರೋ ಸ್ಪಷ್ಟ. ಅದಕ್ಕೆ ತಟ್ಟಿದ ಸಗಣಿ ಕುಳ್ಳುಗಳ ಮೇಲೆ ಬೆರಳ ಗುರುತು ಕೂಡ ಕಾಣುತ್ತಿತ್ತು.

"ಅವ್ವನ ಕೈ ನಡಗತೈತಿ," ಎಂದು ನಗುತ್ತಿದ್ದ ನನ್ನ ಮೈದುನ.

"ನನ್ನ ಕೈ ನಡಗಿದ್ರ ಕುಳ್ಳೂ ನಡಗತಿದ್ದುವಲ್ಲೋ ಶಾಣ್ಯಾ," ಎನ್ನುತ್ತಿದ್ದರು ಅತ್ತೆ. ಕಾರಣ ಮಾತ್ರ ಯಾರಿಗೂ ಹೊಳೆಯಲಿಲ್ಲ. ಅಗ್ಗದ ಕ್ಯಾಮೆರಾ, ಇಷ್ಟೇ ಅದರ ಹಣೆಬರಹ ಎಂದುಕೊಂಡೆವು.

ಮರುವರ್ಷ ಕಬ್ಬು ಕಡಿಯುವ ಹೊತ್ತಿಗೆ ಮಾವನವರಿಗೆ ಹೊಟ್ಟೆನೋವು ಶುರುವಾಯಿತು. ಮಿರಜಿನ ಡಾಕ್ಟರು ನೋಡಿ ಗಡ್ಡೆ ಇದೆ, ತೆಗೆದ ಮೇಲೆಯೇ ಎಂಥದು ಎಂದು ಹೇಳಬಹುದು ಎಂದರು. ಆಪರೇಷನ್ನಿಗೆ ದಿನ ಗೊತ್ತಾಯಿತು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅತ್ತೆ ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಯಿತು.

ಒಂದು ಬೆಳಿಗ್ಗೆ ಮಾವನವರಿಗೆ ಚಹಾ ಕೊಡಲು ಹೋದೆ. ಅವರು ಕಡಿಮೆ ಮಾತಿನವರು. ಕಪ್ಪು ತೆಗೆದುಕೊಂಡು, ನನ್ನ ಮುಖ ನೋಡದೆ, "ನಿಮ್ಮ ಅತ್ತೀದು ನಂದು ಕೂಡೇ ಒಂದೂ ಫೋಟೋ ಇಲ್ಲ ನೋಡವಾ. ನಮ್ಮ ಲಗ್ನದಾಗ ಇವೆಲ್ಲಾ ಎಲ್ಲಿದ್ದೂ," ಎಂದರು. ಮತ್ತೆ, "ಮಿರಜಕ್ಕ ಹೋಗೂದರಾಗ ಒಂದ ಆಗಿದ್ರ ಚಲೋ ಇತ್ತು."

ಅಂದೇ ಅಂಗಳದಲ್ಲಿ ಹಗ್ಗದ ಹೊರಸು ಹಾಕಿ ಇಬ್ಬರನ್ನೂ ಕೂರಿಸಿದೆವು. ಅವರು ಆ ತುದಿಗೆ, ಇವರು ಈ ತುದಿಗೆ. ಗುಂಡಿ ಒತ್ತಿದವಳು ನಾನು. ರೋಲು ಹೇಗೂ ಮುಗಿಯುತ್ತ ಬಂದಿತ್ತು. ನಿಪ್ಪಾಣಿಯ ಸ್ಟುಡಿಯೋಕ್ಕೆ ಕೊಟ್ಟರೆ ಅವರು ತೊಳೆಯಲು ಕೊಲ್ಲಾಪುರಕ್ಕೆ ಕಳಿಸುತ್ತಿದ್ದರು. ಮೈದುನ ಕೊಟ್ಟು ಬಂದ, ನಾವು ದಾರಿ ಕಾದೆವು.

ಪ್ರಿಂಟು ಕೈಗೆ ಬಂದದ್ದು ಮಿರಜಿಗೆ ಹೊರಡುವ ಹಿಂದಿನ ದಿನ. ಲಕೋಟೆ ಬಿಡಿಸಿದೆವು. ಮಾವ ಮಂಜು, ಅತ್ತೆ ಮಂಜು. ಕುಳ್ಳು ಸ್ಪಷ್ಟ.

ಮಾವನವರು ನೋಡಿ, "ಇರಲಿ ಬಿಡ್ರಿ," ಎಂದು ಎದ್ದು ಒಳಗೆ ಹೋದರು.

ಅತ್ತೆ ಅಳಲಿಲ್ಲ. ಮನೆಯಲ್ಲಿದ್ದ ಅಷ್ಟೂ ಫೋಟೋಗಳನ್ನು ತಂದು ಹೊರಸಿನ ಮೇಲೆ ಹರವಿದರು. ಚೊಕ್ಕ ಬಂದವು ಒಂದು ಕಡೆ, ಮಂಜಾದವು ಒಂದು ಕಡೆ. ನಾನು ಪಕ್ಕದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದೆ. ನೋಡುತ್ತ ನೋಡುತ್ತ ಅವರ ಕೈ ನಿಂತಿತು.

"ಇಲ್ಲಿ ನೋಡ. ದೊಡ್ಡ ಸೊಸಿ, ದೊಡ್ಡವ, ನಡುವ ಕೂಸು. ಚಲೋ ಬಂದೈತಿ. ಕೂಸಿಲ್ಲದ್ದು ಕೆಟ್ಟೈತಿ. ಯಾಕ?"

ನಾನು ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು ಹೊರಸಿನ ಕಡೆ ತಿರುಗಿಸಿದೆ. ಕಿಂಡಿಯ ನಟ್ಟನಡುವೆ ಒಂದು ಸಣ್ಣ ಹಳದಿ ಗುರುತು ಯಾವಾಗಲೂ ಇರುತ್ತಿತ್ತು. ಅತ್ತೆ ಹೊರಸಿನ ಒಂದು ತುದಿಗೆ ಕೂತಿದ್ದರು. ಗುರುತು ಅವರ ಪಕ್ಕದ ಖಾಲಿ ಜಾಗದಲ್ಲಿ ಹಾದು, ದೂರದ ಗೋಡೆಯ ಕುಳ್ಳಿನ ಮೇಲೆ ಕೂತಿತ್ತು.

"ಅತ್ಯಾರ, ಇದು ನಡುವ ಏನೈತೋ ಅದನ್ನ ಅಷ್ಟ ನೋಡತೈತ್ರಿ," ಎಂದೆ.

ಅವರು ಗೋಡೆಯ ಕಡೆ ತಿರುಗಿ ನೋಡಿ ಜೋರಾಗಿ ನಗತೊಡಗಿದರು. ಆ ಮನೆಯಲ್ಲಿ ಎಷ್ಟೋ ದಿನದ ಮೇಲೆ ಕೇಳಿದ ನಗು. "ಯವ್ವಾ, ಪಾಪ, ಅದರದೇನ ತಪ್ಪ? ನಾವು ಗಂಡ ಹೆಂಡ್ತಿ ನಡುವ ಎತ್ತಿನ ಗಾಡಿ ಹೋಗುವಷ್ಟು ಜಾಗಾ ಬಿಟ್ಟ ಕುಂಡರತೀವಿ. ಅದಕ್ಕ ಕುಳ್ಳ ಕಂಡಾವ, ಕುಳ್ಳ ತಗದೈತಿ!"

ಮೈದುನ ಹೊಸ ರೋಲು ತಂದಿದ್ದ. ಊಟವಾಗಿತ್ತು, ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಮಾವನವರನ್ನು ಮತ್ತೆ ಹೊರಗೆ ಕರೆದರು. ಮನೆಮಂದಿಯೆಲ್ಲ ಅಂಗಳದಲ್ಲಿ. ವಿಷಯ ತಿಳಿದ ಆಯಿ ಒಂದು ದಾರಿ ಹೇಳಿದರು: "ಅಷ್ಟ ಹೌದಲ್ಲೋ? ನಡುವ ಮೊಮ್ಮಗಳನ್ನ ಕೂಡಸ್ರಿ. ಫೋಟೋನೂ ಬರತೈತಿ, ಮರ್ಯಾದಿನೂ ಉಳೀತೈತಿ."

ಸರಿಯಾದ ಮಾತೇ. ಭಾವನವರ ಮಗಳು ಓಡಿಬಂದು ಹೊರಸು ಹತ್ತಿಯೇಬಿಟ್ಟಳು. ಅತ್ತೆ ಅವಳ ತಲೆ ಸವರಿ ಕೆಳಗಿಳಿಸಿದರು.

"ಬ್ಯಾಡ್ರಿ ಆಯಿ. ಮದಲ ನನ್ನ ಅತ್ತಿ ಮಾವ ಇದ್ರು, ಆಮ್ಯಾಲ ಮಕ್ಕಳು, ಆಮ್ಯಾಲ ಮೊಮ್ಮಕ್ಕಳು. ಒಂದ ಸಲಾ ನಡುವ ಯಾರೂ ಬ್ಯಾಡ."

"ಮಂದಿ ನೋಡಿದ್ರ ಏನಂದಾರ?"

"ಮಂದಿ ಫೋಟೋದಾಗ ಬರೂದಿಲ್ರಿ."

ಹಾಗೆಂದು ಸರಿದು ಸರಿದು ಮಾವನವರ ಭುಜಕ್ಕೆ ಭುಜ ತಾಗಿಸಿ ಕೂತರು. ಮಾವ ಸಂಕೋಚದಿಂದ ಆ ಕಡೆ ಜರುಗಿದರೆ, "ಇನ್ನ ಸರದ್ರ ಕೆಳಗ ಬೀಳತೀರಿ. ಸುಮ್ನ ಕುಂಡರ್ರಿ," ಎಂದರು. ನನ್ನ ಯಜಮಾನರು ನೆಲ ನೋಡುತ್ತಿದ್ದರು. ಆಯಿ ಮುಖ ತಿರುಗಿಸಿದರು, ಕಿವಿ ಮಾತ್ರ ಈ ಕಡೆಗೇ ಇತ್ತು. ಕಿಂಡಿಯ ಹಳದಿ ಗುರುತು ಎರಡು ಭುಜಗಳು ಕೂಡಿದಲ್ಲಿ ನಿಂತಿತು. ಒತ್ತಿದೆ.

ರೋಲು ಮುಗಿಯದೆ ತೊಳೆಯಲು ಕೊಡುವ ಹಾಗಿಲ್ಲ. ಅತ್ತೆ ಕ್ಯಾಮೆರಾ ಕಸಿದುಕೊಂಡು, "ಬರ್ರಿ, ಒಂದೊಂದ ಜೋಡಿ ಬರ್ರಿ. ನಡುವ ಕುಳ್ಳ ಕಾಣಬಾರದು," ಎಂದು ಹುಕುಂ ಮಾಡಿದರು. ಭಾವನವರೂ ಅವರ ಹೆಂಡತಿಯೂ ಕೂತೆದ್ದರು. ಆಮೇಲೆ ನಾವು. ಮದುವೆಯಾಗಿ ಎರಡು ವರ್ಷಕ್ಕೆ, ಅತ್ತೆ ಮಾವ ಆಯಿ ಎಲ್ಲರ ಎದುರಿಗೆ, ಮೊದಲ ಸಲ ನನ್ನ ತೋಳಿಗೆ ಯಜಮಾನರ ತೋಳು ತಾಗಿತು. ಅಂಗಿಗೆ ನೀಲಿಯ ವಾಸನೆ ಇತ್ತು, ನಾನೇ ಒಗೆದದ್ದು. "ಕಾನ್ವೆಂಟ್ ಬಾಯಿ, ಉಸಿರಾಡ," ಎಂದರು ಅತ್ತೆ.

ಮರುದಿನ ಮಾವನವರನ್ನು ಕರೆದುಕೊಂಡು ಅತ್ತೆ, ಯಜಮಾನರು ಮಿರಜಿಗೆ ಹೋದರು. ತಪಾಸಣೆ ಎಲ್ಲ ಮುಗಿದು ಆಪರೇಷನ್ ಆದ ದಿನ ನಾನೂ ಮೈದುನನೂ ಬುತ್ತಿ ಕಟ್ಟಿಕೊಂಡು ಹೋದೆವು. ಹಿಂದಿನ ದಿನ ಮೈದುನ ನಿಪ್ಪಾಣಿಯಿಂದ ತಂದ ಲಕೋಟೆ ನನ್ನ ಚೀಲದಲ್ಲಿತ್ತು. ಭಯದಿಂದ ನಾನು ಬಿಡಿಸಿರಲಿಲ್ಲ. ಅತ್ತೆ ಆಪರೇಷನ್ ಕೋಣೆಯ ಹೊರಗೆ, ಬೆಂಚು ಇದ್ದರೂ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ.

"ಫೋಟೋ ಬಂದಾವ್ರಿ. ನೋಡತೀರೇನ್ರಿ?"

ಲಕೋಟೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟರು. "ಅವರು ಹೊರಗ ಬರಲಿ. ಕೂಡೇ ನೋಡತೀವಿ."

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು, ಗಡ್ಡೆ ಪೂರ್ತಿ ತೆಗೆದಿದೆ, ಕೆಟ್ಟ ಜಾತಿಯದಲ್ಲ ಅನಿಸುತ್ತದೆ ಎಂದರು. ಮುಂದೆ ಪರೀಕ್ಷೆಯಲ್ಲೂ ಅದೇ ಖಾತ್ರಿಯಾಯಿತು. ಯಜಮಾನರು ಬೆಂಚಿನ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು, ತುಸು ಹೊತ್ತಿಗೆ ಕಣ್ಣು ತೆರೆದು, "ಒಂದ ಕಪ್ ಚಾ ತರಸವಾ. ಸಕ್ಕರಿ ಜಗ್ಗಿ ಹಾಕಾಕ ಹೇಳ," ಎಂದರು.

ಎರಡು ದಿನದ ಮೇಲೆ, ಮಾವನವರು ದಿಂಬಿಗೆ ಒರಗಿ ಕೂರುವಂತಾದಾಗ ಲಕೋಟೆ ಬಿಡಿಸಿದರು. ಇಬ್ಬರೂ ಚೊಕ್ಕ ಬಂದಿದ್ದರು. ಮಾವನವರು ಅದನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ನೀ ನನ್ನಕಿಂತ ಎತ್ತರ ಅದಿ ಅಲ್ಲ?"

"ಈಗ ಗೊತ್ತಾತೇನ್ರಿ? ನಿಮ್ಮ ಮನ್ಯಾಗ ಬಗ್ಗೇ ಅಡ್ಡಾಡೇನಲ್ಲ."

ಮಾವನವರಿಗೆ ನಗು ಬಂತು, ಹೊಲಿಗೆ ಎಳೆದು "ಅಯ್ಯಯ್ಯಪ್ಪಾ" ಎಂದರು, ಮತ್ತೆ ನಕ್ಕರು. ನರ್ಸು ಬಂದು ನಮ್ಮನ್ನೆಲ್ಲ ಗದರಿ ಹೊರಗೆ ಕಳಿಸಿದಳು.

ಮುಂದೆ ಬಹಳ ವರ್ಷ ಇಬ್ಬರೂ ಚೆನ್ನಾಗಿದ್ದರು. ಮೊದಲು ಹೋದವರು ಅತ್ತೆಯೇ. ಒಂದು ವಾರದ ಜ್ವರ, ಅಷ್ಟೇ. ಹಾರ ಹಾಕಲು ಫೋಟೋ ಹುಡುಕಿದರೆ, ಓಣಿಯ ಹೆಣ್ಣುಮಕ್ಕಳ ಫೋಟೋ ಎಲ್ಲ ತೆಗೆದವರದು ಒಂಟಿಯಾಗಿ ಒಂದೂ ಇರಲಿಲ್ಲ. ಮೈದುನ ಹೊರಸಿನ ಮೇಲಿನ ಫೋಟೋ ತಂದು, ಇದರಲ್ಲಿ ಅವ್ವನನ್ನಷ್ಟೇ ಬೇರೆ ಮಾಡಿಸಿಕೊಂಡು ಬರುತ್ತೇನೆ ಎಂದ.

"ಕತ್ತರಿ ಹಚ್ಚಬ್ಯಾಡ," ಎಂದರು ಮಾವ. "ಹೆಂಗೈತಿ ಹಂಗ ದೊಡ್ಡದ ಮಾಡಿಸಿ ಹಾಕ್ರಿ."

"ಅಪ್ಪಾ, ನೀವು ಅದೀರಿ. ನಿಮ್ಮ ಫೋಟೋಕ್ಕ ಹಾರ ಹೆಂಗ ಹಾಕೂದ್ರಿ?"

"ಹಾಕಬ್ಯಾಡ್ರಿ. ಹಾರ ಇಲ್ಲಂದ್ರ ಆಕಿಗೇನ ಸಿಟ್ಟ ಬರೂದಿಲ್ಲ."

ಹೀಗೆ ಪಡಸಾಲೆಯಲ್ಲಿ ಅತ್ತೆಯವರ ಫೋಟೋ ಹಾರವಿಲ್ಲದೆ, ಮಾವನವರ ಭುಜಕ್ಕೆ ತಾಗಿಕೊಂಡೇ ಉಳಿಯಿತು. ಬೆಳಿಗ್ಗೆ ನಾನು ಚಹಾ ಒಯ್ಯುವಾಗ ಮಾವನವರು ಅದರ ಕೆಳಗೆ ಕೂತಿರುತ್ತಿದ್ದರು, ಎದುರಿನ ಮರದ ಬಾಕಿನ ಮೇಲೆ ನನ್ನ ಯಜಮಾನರು. ಇಬ್ಬರಿಗೂ ಕೊಟ್ಟು, ನನ್ನ ಕಪ್ಪು ಹಿಡಿದು ನಾನೂ ಬಾಕಿನ ಮೇಲೆ ಯಜಮಾನರ ಮಗ್ಗುಲಿಗೆ ಕೂರುತ್ತಿದ್ದೆ. ಮಾವನವರು ಪೇಪರಿನಿಂದ ತಲೆ ಎತ್ತದೆ, "ಚಾ ಚಲೋ ಆಗೈತಿ," ಎನ್ನುತ್ತಿದ್ದರು.